ಕದದ ಕಾಲು

ಹೊಳೆಯ ದಡದ ಆಶ್ರಮವೊಂದರಲ್ಲಿ ನಾಗೋಜರೆಂಬ ಗುರುಗಳು ಕೀಲುಗಳ ವಿದ್ಯೆಯನ್ನು ಕಲಿಸುತ್ತಿದ್ದರು.

ಏತ, ಗಾಣ, ಅಣೆಕಟ್ಟಿನ ಕದ, ಹೀಗೆ ಒಂದು ಕೋಲು ಇನ್ನೊಂದನ್ನು ತಳ್ಳಿ, ಅದು ಮತ್ತೊಂದನ್ನು ಎಳೆದು ಕೆಲಸ ಮಾಡುವಂಥದ್ದೆಲ್ಲ ಅವರ ಪಾಠದೊಳಗೆ ಬರುತ್ತಿತ್ತು. ಬಲ ಎಲ್ಲಿ ಹುಟ್ಟುತ್ತದೆ, ಯಾವ ದಾರಿ ಹಿಡಿಯುತ್ತದೆ, ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನು ಶಿಷ್ಯರು ಮರಳಿನ ಮೇಲೆ ಗೆರೆ ಎಳೆದು ಕಲಿಯುತ್ತಿದ್ದರು.

ನಾಗೋಜರ ಕ್ರಮ ಒಂದೇ. ಕೂಡಿಸಿದ್ದನ್ನು ಬಿಡಿಸು. ಒಂದೊಂದು ತುಂಡನ್ನೂ ಒಂಟಿಯಾಗಿ ನಿಲ್ಲಿಸು. ಆಮೇಲೆ ಅದನ್ನು ಕೇಳು: ನಿನ್ನನ್ನು ಯಾರು ತಳ್ಳುತ್ತಿದ್ದಾರೆ? ನೀನು ಯಾರನ್ನು ತಳ್ಳುತ್ತಿದ್ದೀ?

“ಉತ್ತರ ಬರುವವರೆಗೆ ಪಕ್ಕದ ತುಂಡಿಗೆ ಹೋಗಬೇಡ,” ಎನ್ನುತ್ತಿದ್ದರು.

ದಾರ ಹಿಡಿದು ನೋಡದೆ ಅವರು ಒಂದು ಗೂಟವನ್ನೂ ನೆಟ್ಟವರಲ್ಲ. ಆ ಸೀಮೆಯ ಜನ ತಮ್ಮ ಮಾತು ನಿಜವೆಂದು ಹೇಳಬೇಕಾದರೆ “ನಾಗೋಜರ ದಾರದಷ್ಟು ನೇರ” ಎನ್ನುತ್ತಿದ್ದರು.

ಶಿಷ್ಯರಲ್ಲಿ ಹಿರಿಯವನು ಕೇತಯ್ಯ. ಕುಂಬಾರರ ಮನೆಯವನು. ತಂದೆ ತೀರಿಕೊಂಡ ವರ್ಷ ಆಶ್ರಮಕ್ಕೆ ಬಂದು ಸೇರಿದವನು ಮತ್ತೆ ಊರಿನ ದಾರಿ ಹಿಡಿದಿರಲಿಲ್ಲ. ಅವನಿಗೆ ತಂದೆಯೂ ಗುರುವೂ ಒಬ್ಬರೇ.

ಒಂದು ಮಳೆಗಾಲದ ಕೊನೆಯಲ್ಲಿ ಕೆಳಗಿನ ಊರಿನಿಂದ ಗೌಡ ಆಳು ಕಳಿಸಿದ.

ಆ ಊರಿನ ಹತ್ತಿರ ಹೊಳೆಗೆ ಅಡ್ಡಲಾಗಿ ಕಲ್ಲಿನ ಅಣೆ ಇತ್ತು. ಅಣೆಯ ಪಕ್ಕದಿಂದ ಕಾಲುವೆ ಹೊರಡುತ್ತಿತ್ತು. ಕಾಲುವೆಯ ಬಾಯಿಗೆ ಮರದ ದೊಡ್ಡ ಕದ. ಅದನ್ನು ನಾಗೋಜರೇ ತಮ್ಮ ಪ್ರಾಯದಲ್ಲಿ ಮಾಡಿಕೊಟ್ಟಿದ್ದರು.

ಕದದ ತೊಲೆಯ ಕೆಳಗೆ ಎರಡು ದಪ್ಪ ಕೋಲುಗಳು ಒಂದರ ಮೇಲೊಂದು ಇದ್ದವು. ಅವೆರಡನ್ನೂ ನಡುವೆ ಕಬ್ಬಿಣದ ಕೀಲು ಹಾಕಿ ಕೂಡಿಸಿದ್ದರು, ತೊಡೆಗೂ ಮೊಣಕಾಲಿನ ಕೆಳಗಿನ ಭಾಗಕ್ಕೂ ನಡುವೆ ಮಂಡಿ ಇರುವಂತೆ. ಮೇಲೆ ತೊಲೆಗೂ ಕೆಳಗೆ ನೆಲಗಲ್ಲಿಗೂ ಒಂದೊಂದು ಕೀಲು ಇತ್ತು. ಜನ ಅದನ್ನು ಕದದ ಕಾಲು ಎಂದೇ ಕರೆಯುತ್ತಿದ್ದರು. ಕದ ಇಳಿದಾಗ ಕಾಲು ಮಡಿಚಿರುತ್ತಿತ್ತು. ದಡದ ಮೇಲಿನ ಸನ್ನೆಗೋಲನ್ನು ಒತ್ತಿದರೆ ಒಂದು ಕೊಂಡಿ ಮಂಡಿಯನ್ನು ಹಿಂದಕ್ಕೆ ದೂಡುತ್ತಿತ್ತು. ಕಾಲು ನೆಟ್ಟಗಾಗುತ್ತ ಕದವನ್ನು ಎತ್ತಿ ಹಿಡಿಯುತ್ತಿತ್ತು. ಮಂಡಿ ಹಿಂದಿನ ತಡೆಗಲ್ಲಿಗೆ ತಾಗಿದರೆ ಕದ ಪೂರ್ತಿ ಮೇಲೇರಿತು ಎಂದು ಅರ್ಥ.

ಕದ ನೋಡಿಕೊಳ್ಳುವ ನೀರಗಂಟಿ ಬೈರ. ಕೆಲವು ದಿನಗಳ ಹಿಂದೆ ಕದದ ಕೆಳಗೆ ಮರದ ದಿಮ್ಮಿಯೊಂದು ಸಿಕ್ಕಿಕೊಂಡಿತ್ತು. ಬೈರ ಕದ ಎತ್ತಿ ಸನ್ನೆಗೋಲು ಹಿಡಿದು ನಿಂತ. ಅವನ ತಮ್ಮ ಮಾಚ ದಿಮ್ಮಿ ಬಿಡಿಸಲು ಕೆಳಗಿಳಿದ.

ಕಾಲು ಮಡಿಚಿತು. ಕದ ಬಿತ್ತು.

ಮಾಚನನ್ನು ಹೊರಗೆ ತೆಗೆದಾಗ ಜೀವವಿರಲಿಲ್ಲ.

ಬೈರ ಸನ್ನೆಗೋಲು ಬಿಟ್ಟ ಎಂದು ಊರು ಹೇಳಿತು. ಬೈರನೂ ಅಲ್ಲವೆನ್ನಲಿಲ್ಲ. ಅವನನ್ನು ಕೆಲಸದಿಂದ ಬಿಡಿಸಿ ಊರಿನಿಂದ ಕಳಿಸುವುದೆಂದು ಮಾತಾಗಿತ್ತು. ಆದರೂ ಕದ ಮಾಡಿದವರನ್ನು ಒಂದು ಮಾತು ಕೇಳೋಣವೆಂದು ಗೌಡನಿಗೆ ಅನಿಸಿತ್ತು. ತಪ್ಪಿದ್ದು ಯಂತ್ರವೋ, ಮನುಷ್ಯನೋ?

ನಾಗೋಜರು ಕೇತಯ್ಯನನ್ನು ಕರೆದರು.

“ನೀನು ಹೋಗು.”

“ಕದ ತಮ್ಮದು, ಗುರುಗಳೇ. ತಾವೇ ಬಂದರೆ ಒಂದು ನೋಟಕ್ಕೆ ತಿಳಿಯುತ್ತದೆ.”

“ಮಾಡಿದವನ ಕಣ್ಣಿಗೆ ತಾನು ಮಾಡಿದ್ದೇ ಕಾಣುತ್ತದೆ. ಆದದ್ದು ಕಾಣುವುದಿಲ್ಲ. ನೀನು ಹೋಗು.”

ಕೇತಯ್ಯ ಹೋದ. ಕಾಲುವೆಗಿಳಿದು ಕಾಲನ್ನು ಮೇಲಿನಿಂದ ಕೆಳಗಿನವರೆಗೆ ತಡವಿ ನೋಡಿದ. ಕೋಲುಗಳು ಗಟ್ಟಿಯಾಗಿದ್ದವು. ಕೀಲುಗಳು ಇದ್ದಲ್ಲೇ ಇದ್ದವು. ಅವನು ಬೇಗನೆ ಹಿಂತಿರುಗಿದ.

“ಯಾವ ಕೋಲೂ ಸೀಳಿಲ್ಲ, ಯಾವ ಕೀಲೂ ಮುರಿದಿಲ್ಲ,” ಎಂದ. “ಯಂತ್ರ ಸರಿಯಿದೆ, ಗುರುಗಳೇ. ಮನುಷ್ಯ ತಪ್ಪಿದ್ದಾನೆ.”

ನಾಗೋಜರು ಎದ್ದು ಬಂದರು.

“ನೆಟ್ಟಗೆ ನಿಲ್ಲು.”

ಕೇತಯ್ಯ ನಿಂತ.

“ಇನ್ನೂ ನೇರವಾಗಿ.”

ಅವನು ಉಸಿರು ಹಿಡಿದು ಕಂಬದಂತೆ ನಿಂತ. ಗುರುಗಳು ಅವನ ಹಿಂದೆ ಹೋಗಿ ಮಂಡಿಯ ಹಿಂಭಾಗವನ್ನು ಬೆರಳ ತುದಿಯಿಂದ ಒಮ್ಮೆ ಮುಟ್ಟಿದರು. ಕೇತಯ್ಯ ಕುಸಿದು ಮರಳಿನ ಮೇಲೆ ಮಂಡಿಯೂರಿದ.

“ನಿನ್ನ ಯಾವ ಮೂಳೆ ಮುರಿಯಿತು?”

“ಯಾವುದೂ ಇಲ್ಲ.”

“ಯಾವ ಕೀಲು ಕಳಚಿತು?”

“ಯಾವುದೂ ಇಲ್ಲ.”

“ಮತ್ತೆ ಯಾಕೆ ಬಿದ್ದೆ?”

ಕೇತಯ್ಯ ತಲೆಯೆತ್ತಿ ನೋಡಿದರೆ ಗುರುಗಳ ಕೈ ಇನ್ನೂ ಗಾಳಿಯಲ್ಲೇ ಇತ್ತು. ಅವನನ್ನು ಮುಟ್ಟಿದ ಬೆರಳನ್ನು ಅವರು ದಿಟ್ಟಿಸಿ ನೋಡುತ್ತಿದ್ದರು.

“ಮತ್ತೆ ಹೋಗು,” ಎಂದರು. ದನಿ ತಗ್ಗಿತ್ತು. “ಈ ಸಲ ಬೇಗ ಬರಬೇಡ.”

ಕೇತಯ್ಯ ಈ ಸಲ ಮೊದಲು ಬೈರನ ಮನೆಗೆ ಹೋದ.

ಬೈರ ಜಗಲಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ಒಳಗೆ ಮಾಚನ ಹೆಂಡತಿ ಹೊನ್ನವ್ವ ರಾಗಿ ಬೀಸುತ್ತಿದ್ದಳು. ಒಂದೇ ಸೂರಿನ ಕೆಳಗೆ ಇದ್ದರೂ ಆ ದಿನದಿಂದ ಅವಳು ಭಾವನೊಡನೆ ಮಾತಾಡಿರಲಿಲ್ಲ. ಅನ್ನದ ತಟ್ಟೆ ತಂದು ದೂರದಲ್ಲಿಟ್ಟು ಹೋಗುತ್ತಿದ್ದಳು. ಅವನು ಅದನ್ನು ಅರ್ಧಕ್ಕೇ ಬಿಡುತ್ತಿದ್ದ.

ಕೇತಯ್ಯ ಅವನ ಪಕ್ಕದಲ್ಲಿ ಕೂತು ಆ ದಿನ ಏನಾಯಿತೆಂದು ಕೇಳಿದ.

ಬೈರ ಹೇಳಿದ್ದು ಇಷ್ಟು. ದಿನವೂ ಒತ್ತುವಂತೆಯೇ ಸನ್ನೆಗೋಲನ್ನು ಒತ್ತಿದ. ಮಂಡಿ ಕಲ್ಲಿಗೆ ತಾಗಿದ ಸದ್ದು ಕೇಳಿಸಿತು. ಮಾಚ ಇಳಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಸನ್ನೆಗೋಲು ಎಗರಿತು.

“ಹಿಡಿದಿದ್ದೆಯಾ?”

“ಹಿಡಿದಿದ್ದೆ ಅನ್ನುತ್ತದೆ ಮನಸ್ಸು. ಮನಸ್ಸು ತನ್ನನ್ನು ಉಳಿಸಿಕೊಳ್ಳೋಕೆ ಏನು ಬೇಕಾದರೂ ಹೇಳುತ್ತದೆ, ಅಯ್ಯ. ಹಿಡಿದಿದ್ದರೆ ಅವನು ಯಾಕೆ ಸಾಯುತ್ತಿದ್ದ?”

ಕೈ ತೋರಿಸುವಂತೆ ಕೇತಯ್ಯ ಅವನನ್ನು ಕೇಳಿದ. ಬೈರ ತೋರಿಸಲಿಲ್ಲ. ಕೇತಯ್ಯನೇ ಹಿಡಿದು ಬಿಡಿಸಿದ. ಎರಡೂ ಅಂಗೈಗಳ ಚರ್ಮ ಬುಡದವರೆಗೆ ಸುಲಿದುಹೋಗಿತ್ತು.

“ಬಿಟ್ಟ ಕೈ ಹೀಗೆ ಸುಲಿಯುವುದಿಲ್ಲ,” ಎಂದ ಕೇತಯ್ಯ.

ಬೈರ ಕೈ ಹಿಂದಕ್ಕೆ ಎಳೆದುಕೊಂಡ. ಒಳಗೆ ಬೀಸುವ ಕಲ್ಲಿನ ಸದ್ದು ನಿಂತಿತ್ತು. ಮತ್ತೆ ಶುರುವಾಗಲು ತುಸು ಹೊತ್ತು ಹಿಡಿಯಿತು.

ಮಾರನೆಯ ದಿನ ಗೌಡನನ್ನು ಒಪ್ಪಿಸಿ ಕೇತಯ್ಯ ಊರಿನವರನ್ನು ಕಾಲುವೆಯ ಹತ್ತಿರ ಸೇರಿಸಿದ. ಕೆಳಗೆ ಯಾರೂ ಇಳಿಯದಂತೆ ಕಾವಲು ನಿಲ್ಲಿಸಿದ. ತಾನೇ ಸನ್ನೆಗೋಲನ್ನು ಒತ್ತಿದ. ಕದ ಮೇಲೇರಿತು. ಮಂಡಿ ತಡೆಗಲ್ಲಿಗೆ ತಾಗಿತು. ಅವನು ಕೈ ತೆಗೆದು ದೂರ ಸರಿದ.

ಕದ ನಿಂತಿತ್ತು. ನೋಡುವವರಿಗೆ ಅದು ಯುಗ ಕಳೆದರೂ ಬೀಳದಂತೆ ಕಾಣುತ್ತಿತ್ತು.

ಹೊಳೆಯಲ್ಲಿ ತೇಲಿಬಂದ ಒಂದು ಕೊಂಬೆ ಕದದ ಅಂಚಿಗೆ ಬಡಿಯಿತು. ದೊಡ್ಡ ಕೊಂಬೆಯೇನಲ್ಲ. ಕದ ಒಂದು ಕ್ಷಣ ನಡುಗಿತು. ಮಂಡಿ ಮುಂದಕ್ಕೆ ಜಾರಿತು. ಕಾಲು ಮಡಿಚಿ ಕದ ಬಿದ್ದ ಸದ್ದಿಗೆ ಮರದ ಮೇಲಿನ ಹಕ್ಕಿಗಳೆಲ್ಲ ಹಾರಿದವು.

ಹೊನ್ನವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ಆದರೆ ಮುಖ ತಿರುಗಿಸಲಿಲ್ಲ.

ಯಾರೂ ಹಿಡಿದಿರಲಿಲ್ಲವಲ್ಲ, ಅದಕ್ಕೇ ಬಿತ್ತು ಎಂದ ಗೌಡ.

ಕೇತಯ್ಯ ಮತ್ತೆ ಕದ ಎತ್ತಿದ. ಸನ್ನೆಗೋಲಿನ ತುದಿಯನ್ನು ಕಲ್ಲುಕಂಬಕ್ಕೆ ಹೊಸ ಹಗ್ಗದಿಂದ ಬಿಗಿದ. ಉದ್ದನೆಯ ಬಿದಿರಿನ ಗಳು ಹಿಡಿದು ದೂರದಿಂದಲೇ ಕದವನ್ನು ತಟ್ಟಿದ. ಕಾಲು ಮಡಿಚಿತು. ಹಗ್ಗ ಪಟ್ಟನೆ ಹರಿದು ಸನ್ನೆಗೋಲು ಆಕಾಶಕ್ಕೆ ಎಗರಿತು.

ಗೌಡ ಹರಿದ ಹಗ್ಗದ ತುದಿಯನ್ನು ಎತ್ತಿ ನೋಡಿದ.

ಜನ ಹೋದ ಮೇಲೆ ಕೇತಯ್ಯ ಒಬ್ಬನೇ ಉಳಿದ. ಕಾಲನ್ನು ಬಿಡಿಸಿ ತುಂಡುಗಳನ್ನು ದಡದ ಮೇಲೆ ಬೇರೆ ಬೇರೆಯಾಗಿ ಇಟ್ಟ. ಒಂದೊಂದನ್ನೇ ಕೇಳುತ್ತ ಹೋದ.

ಸನ್ನೆಗೋಲಿಗೂ ಮಂಡಿಗೂ ನಡುವಿನ ಕೊಂಡಿಯ ತೂತು ಸವೆದು ಸಡಿಲವಾಗಿತ್ತು. ಮಂಡಿ ಜಾರತೊಡಗಿದ್ದು ಸನ್ನೆಗೋಲು ಹಿಡಿದವನಿಗೆ ತಕ್ಷಣ ಗೊತ್ತಾಗುವಂತಿರಲಿಲ್ಲ. ಕಾಲು ನೇರವಿದ್ದಾಗ ಮಂಡಿಯನ್ನು ಒಂದು ಬೆರಳು ತಡೆದೀತು. ಮಡಿಯತೊಡಗಿದ ಮೇಲೆ ಕದದ ಭಾರವೆಲ್ಲ ಮಂಡಿಗೆ ಬರುತ್ತದೆ. ಬೈರನ ಕೈಗೆ ಸುದ್ದಿ ಮುಟ್ಟುವ ಹೊತ್ತಿಗೆ ಅದು ಯಾವ ಕೈಗೂ ಮೀರಿದ್ದಾಗಿತ್ತು.

ಬೈರ ಹಿಡಿದಿದ್ದರೂ ಕದ ಬಿದ್ದದ್ದೇಕೆಂದು ತಿಳಿಯಿತು. ಆದರೆ ಮಂಡಿ ಜಾರಿದ್ದೇಕೆ?

ಅವನು ಕಾಲನ್ನು ಮತ್ತೆ ಕೂಡಿಸಿ ನಿಲ್ಲಿಸಿದ. ಮೇಲಿನ ಕೀಲಿನಿಂದ ಕೆಳಗಿನ ಕೀಲಿಗೆ ದಾರ ಹಿಡಿದ. ಮಂಡಿಯ ಕೀಲು ದಾರಕ್ಕಿಂತ ಕೂದಲೆಳೆಯಷ್ಟು ಮುಂದಿತ್ತು. ಹಿಂದೆ ಸರಿಯಲು ತಡೆಗಲ್ಲು ಬಿಡುತ್ತಿರಲಿಲ್ಲ. ಮೇಲಿನ ಕೀಲಿನ ತೂತು ಸವೆದು, ಕೀಲು ಭತ್ತದ ಕಾಳಿನಷ್ಟು ಹಿಂದಕ್ಕೆ ಕೂತಿತ್ತು. ಅದನ್ನು ಮೊದಲಿದ್ದ ಜಾಗಕ್ಕೆ ತಂದು ಮತ್ತೆ ದಾರ ಹಿಡಿದ. ಈಗ ಮೂರು ಕೀಲುಗಳೂ ದಾರದ ಮೇಲೆ ಬಂದವು. ಒಂದಿಷ್ಟೂ ಹಿಂದಿಲ್ಲ, ಒಂದಿಷ್ಟೂ ಮುಂದಿಲ್ಲ.

ಕೇತಯ್ಯ ಇನ್ನೊಮ್ಮೆ ದಾರ ಹಿಡಿದು ನೋಡಿದ.

ಕದ ಹೊಸದಾಗಿದ್ದಾಗಲೂ ಕಾಲು ಬರೀ ನೇರ ನಿಂತಿತ್ತು. ನೇರವನ್ನು ದಾಟಿ ಕಲ್ಲಿಗೆ ಒರಗಿರಲಿಲ್ಲ. ಇಷ್ಟು ವರ್ಷವೂ ಅದು ಬೀಳದೆ ಉಳಿದಿತ್ತು, ಅಷ್ಟೇ. ಆ ಕಲ್ಲನ್ನು ಅಲ್ಲಿಟ್ಟ ಕೈ ಯಾರದೆಂದು ಅವನಿಗೆ ಗೊತ್ತಿತ್ತು.

ಏನು ತಿಳಿಯಿತು ಎಂದು ಗೌಡ ಕೇಳಿದ. ಕೀಲು ಸವೆದಿದೆ ಎಂದ ಕೇತಯ್ಯ. ಅದು ಸುಳ್ಳಾಗಿರಲಿಲ್ಲ.

ಗೌಡ ಸ್ವಲ್ಪ ಯೋಚಿಸಿ, ಹಾಗಾದರೆ ಬೈರ ಕೈ ಬಿಡಲಿಲ್ಲ ಎಂದಾಯಿತು, ಒಳ್ಳೆಯದೇ ಆಯಿತು ಎಂದ. ಆದರೆ ಸವೆತವನ್ನು ನೋಡಿಕೊಳ್ಳಬೇಕಾದವನೂ ನೀರಗಂಟಿಯೇ. ತಪ್ಪು ಅವನದೇ ಉಳಿಯಿತು. ಸಂಕ್ರಾಂತಿ ಕಳೆದ ಮೇಲೆ ಅವನು ಊರು ಬಿಡಲಿ.

ಕೇತಯ್ಯನ ಬಾಯಿಗೆ ಒಂದು ಮಾತು ಬಂದಿತ್ತು. ಅದನ್ನು ನುಂಗಿಕೊಂಡು ಅವನು ಆಶ್ರಮದ ದಾರಿ ಹಿಡಿದ.

ನಾಗೋಜರು ಹೊಳೆಯ ಮೆಟ್ಟಿಲ ಮೇಲೆ ಕೂತು ಅವನಿಗಾಗಿಯೇ ಕಾಯುತ್ತಿದ್ದರು.

“ಸವೆತ, ಗುರುಗಳೇ,” ಎಂದ ಕೇತಯ್ಯ.

“ಎಲ್ಲಿ?”

“ಮೇಲಿನ ಕೀಲಿನ ತೂತಿನಲ್ಲಿ.”

“ಎಷ್ಟು?”

“ಭತ್ತದ ಕಾಳಿನಷ್ಟು.”

“ಭತ್ತದ ಕಾಳು ಒಬ್ಬ ಮನುಷ್ಯನನ್ನು ಕೊಂದಿತೇ?”

ಕೇತಯ್ಯ ನೀರನ್ನು ನೋಡುತ್ತ ನಿಂತ.

“ತಡೆಗಲ್ಲನ್ನು ಕೇಳಿದೆಯಾ?” ಎಂದರು ಗುರುಗಳು.

“ಕೇಳಿದೆ.”

“ಅದನ್ನು ಯಾರು ತಳ್ಳುತ್ತಿದ್ದರು?”

“ಯಾರೂ ಇಲ್ಲ. ಅದರ ಮೇಲೆ ಏನೂ ಒರಗಿರಲಿಲ್ಲ.”

“ಅದು ಯಾರನ್ನು ತಳ್ಳುತ್ತಿತ್ತು?”

“ಯಾರನ್ನೂ ಇಲ್ಲ.”

“ಹಾಗಾದರೆ ಅದು ಅಲ್ಲಿ ಯಾಕಿತ್ತು?”

“ನೇರ ಎಲ್ಲಿದೆ ಎಂದು ತೋರಿಸಲು.”

“ಇಟ್ಟವರು ಯಾರು?”

ಕೇತಯ್ಯನ ಕಣ್ಣು ತುಂಬಿತು. ಗುರುಗಳು ಕಾದರು.

“ತಾವು,” ಎಂದ.

ನಾಗೋಜರು ಕಣ್ಣು ಮುಚ್ಚಿಕೊಂಡರು. ಮತ್ತೆ ತೆರೆದಾಗ ಅವರಿಗೆ ಒಮ್ಮೆಲೇ ವಯಸ್ಸಾದಂತೆ ಕೇತಯ್ಯನಿಗೆ ಕಂಡಿತು.

“ಕಾಲು ನೇರ ನಿಂತಾಗ ಪಕ್ಕಕ್ಕೆ ತಳ್ಳುವ ಬಲವೇ ಇರುವುದಿಲ್ಲ,” ಎಂದರು. “ಭಾರ ನೆಟ್ಟಗೆ ನೆಲಕ್ಕಿಳಿಯುತ್ತದೆ. ಅದು ನನಗೆ ತುಂಬ ಚೆಂದವಾಗಿ ಕಂಡಿತ್ತು. ದಾರ ಹಿಡಿದು, ಕಲ್ಲನ್ನು ಅಲ್ಲೇ ಇಟ್ಟೆ.”

ಮೆಟ್ಟಿಲ ಮೇಲೆ ಬೆರಳಿನಿಂದ ಗೆರೆಯೊಂದನ್ನು ಎಳೆದು ಮತ್ತೆ ಹೇಳಿದರು. “ನೇರ ನಿಂತದ್ದಕ್ಕೆ ಒರಗಲು ಏನೂ ಇರುವುದಿಲ್ಲ. ಅದು ಆಗ ನನಗೆ ತೋಚಲಿಲ್ಲ. ಮೊನ್ನೆ ನಿನ್ನ ಮಂಡಿ ಮುಟ್ಟಿದಾಗ ತೋಚಿತು.”

“ಆಗಲೇ ಗೊತ್ತಿತ್ತೇ?”

“ಅನುಮಾನ ಬಂತು. ನೀನು ಬೇರೆ ಏನಾದರೂ ಕಂಡು ಬರಲಿ ಎಂದು ಬೇಡಿಕೊಂಡೆ.”

ಕೇತಯ್ಯ ಅವರ ಪಾದದ ಹತ್ತಿರ ಕೂತ.

“ಊರಿನವರಿಗೆ ಹೇಳಿದೆಯಾ?” ಎಂದು ಕೇಳಿದರು.

“ಸವೆತ ಎಂದಷ್ಟೇ ಹೇಳಿದೆ.”

“ಯಾಕೆ?”

“ತಮ್ಮ ಹೆಸರಿಗೆ ಕುಂದು ಬರುತ್ತದೆ. ಈ ಸೀಮೆಯಲ್ಲಿ ಆ ಹೆಸರಿನ ಮೇಲೆ ಎಷ್ಟೋ ಜನ ನಿಂತಿದ್ದಾರೆ, ಗುರುಗಳೇ.”

“ಆ ಹೆಸರನ್ನು ಬಿಡಿಸಿ ಒಂಟಿಯಾಗಿ ನಿಲ್ಲಿಸು,” ಎಂದರು ನಾಗೋಜರು. “ಈಗ ಹೇಳು. ಅದರ ಭಾರ ಯಾರ ಮೇಲೆ ಬಿದ್ದಿದೆ?”

ಕೇತಯ್ಯನಿಗೆ ಜಗಲಿಯ ಮೂಲೆ ಕಂಡಿತು, ಗೋಡೆಗೆ ತಿರುಗಿದ ಬೆನ್ನು ಕಂಡಿತು.

“ಬೈರನ ಮೇಲೆ.”

“ನಡೆ.”

ಮರುದಿನ ಬೆಳಗ್ಗೆ ಊರು ಅರಳಿಕಟ್ಟೆಯ ಸುತ್ತ ಸೇರಿತು. ನಾಗೋಜರು ಬಂದಿದ್ದಾರೆಂದು ಜನ ಕೈಮುಗಿದರು. ಗೌಡ ಕಟ್ಟೆಯ ಮೇಲೆ ಕಂಬಳಿ ಹಾಸಿಸಿದ. ಅವರು ಕೂರಲಿಲ್ಲ. ಬೈರನೂ ಹೊನ್ನವ್ವನೂ ಬರುವವರೆಗೆ ಮಾತನ್ನೂ ಆಡಲಿಲ್ಲ.

ಬೈರ ಬಂದು ಎಲ್ಲರಿಂದ ದೂರ ನಿಂತ. ನಾಗೋಜರು ಅವನ ಎದುರಿಗೆ ಹೋಗಿ ನಿಂತರು. ಕದದ ಕಾಲು ಹೇಗೆ ನಿಲ್ಲಬೇಕಿತ್ತು, ತಾವು ಅದನ್ನು ಹೇಗೆ ನಿಲ್ಲಿಸಿದರು, ಯಾಕೆ ಬಿತ್ತು ಎಂಬುದನ್ನು ಮಕ್ಕಳಿಗೂ ತಿಳಿಯುವಂತೆ ಹೇಳಿದರು. ಕೀಲು ಸವೆಯುತ್ತದೆ ಎಂಬುದನ್ನು ಮಾಡುವವನೇ ಎಣಿಸಬೇಕು, ಹಿಡಿಯುವವನಲ್ಲ ಎಂದರು.

ಗೌಡ ತಲೆ ತಗ್ಗಿಸಿದ. ಜನರಲ್ಲಿ ಗುಸುಗುಸು ಹರಡಿತು. ಒಬ್ಬ ಮುದುಕ ಎದ್ದು ಹೊರಟೇಹೋದ.

ಬೈರನ ಮುಖದಲ್ಲಿ ಮಾತ್ರ ಏನೂ ಬದಲಾಗಲಿಲ್ಲ.

“ಬೇಡ, ಸ್ವಾಮಿ,” ಎಂದ. “ಇಷ್ಟು ದಿನ ಇದನ್ನು ಹೊತ್ತುಕೊಂಡೇ ಎದ್ದಿದ್ದೇನೆ, ಮಲಗಿದ್ದೇನೆ. ಇದನ್ನೂ ತೆಗೆದುಕೊಂಡು ಹೋದರೆ ನನ್ನ ತಮ್ಮನದು ಅಂತ ನನಗೆ ಏನು ಉಳಿಯುತ್ತದೆ?”

ನಾಗೋಜರು ಅವನ ಸುಲಿದ ಅಂಗೈಗಳನ್ನು ತಮ್ಮ ಕೈಗೆ ತೆಗೆದುಕೊಂಡರು.

“ದುಃಖ ನಿನ್ನದು. ಇಟ್ಟುಕೋ. ತಪ್ಪು ನನ್ನದು, ಬೈರ. ಅದನ್ನು ಕೊಡು.”

ಬೈರ ನಿಂತಲ್ಲೇ ಕುಸಿದು ಕೂತ. ತಮ್ಮ ಸತ್ತ ದಿನದಿಂದ ಅವನ ಕಣ್ಣಲ್ಲಿ ನೀರು ಬಂದಿರಲಿಲ್ಲ. ಈಗ ಬಂತು. ಯಾರೂ ಅವನನ್ನು ಎಬ್ಬಿಸಲು ಹೋಗಲಿಲ್ಲ.

ಆಗ ಹೊನ್ನವ್ವ ಮುಂದೆ ಬಂದಳು. ಅವಳು ಅಳಲಿಲ್ಲ. ಗುರುಗಳನ್ನು ನೇರವಾಗಿ ನೋಡಿದಳು.

“ಇಂಥ ಕದ ಈ ಹೊಳೆಗೆ ಇನ್ನೆಷ್ಟು ಇವೆ?”

ನಾಗೋಜರು ಬೆಚ್ಚಿದರು. ತಪ್ಪನ್ನು ಒಪ್ಪಿಕೊಳ್ಳುವುದಷ್ಟೇ ಅವರ ತಲೆಯಲ್ಲಿತ್ತು. ಅಲ್ಲಿಂದ ಮುಂದಕ್ಕೆ ಅವರ ಯೋಚನೆ ಹೋಗಿರಲಿಲ್ಲ. ಹೊಳೆಯ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ ಅವರ ಶಿಷ್ಯರು ಕಟ್ಟಿದ ಕದಗಳಿದ್ದವು. ಎಲ್ಲವೂ ಅದೇ ಅಳತೆಯವು. ಎಲ್ಲದರ ಹಿಂದೆಯೂ ದಾರ ಹಿಡಿದು ಇಟ್ಟ ಕಲ್ಲು.

“ತಾಯಿ,” ಎಂದು ಅವರು ಕೈಮುಗಿದರು.

ಆ ಗಳಿಗೆಯಲ್ಲೇ ಅವರು ಆಶ್ರಮಕ್ಕೆ ಹೇಳಿ ಕಳಿಸಿದರು. ಶಿಷ್ಯರೆಲ್ಲ ಪಾಠ ಬಿಟ್ಟು ಒಂದೊಂದು ಕದಕ್ಕೆ ಹೋಗಬೇಕು. ಕಲ್ಲು ಕೆತ್ತುವವರೆಗೆ ಯಾವ ಕದದ ಕೆಳಗೂ ಯಾರೂ ಇಳಿಯಬಾರದು. ಯಾಕೆಂದು ಜನ ಕೇಳಿದರೆ ನಾಗೋಜ ತಪ್ಪಿದ ಎಂದೇ ಹೇಳಬೇಕು. ಮಾತನ್ನು ಬೇರೆ ರೀತಿಯಲ್ಲಿ ಹೇಳಿದವನು ಮತ್ತೆ ಆಶ್ರಮಕ್ಕೆ ಬರಬೇಕಾಗಿಲ್ಲ.

ಆಮೇಲೆ ಉಳಿ, ಸುತ್ತಿಗೆ ತರಿಸಿಕೊಂಡು ಕಾಲುವೆಗಿಳಿದರು.

ಸವೆದ ತೂತುಗಳಿಗೆ ಕೇತಯ್ಯ ಹೊಸ ಕಬ್ಬಿಣದ ಬಳೆ ಕೂರಿಸಿದ. ತಡೆಗಲ್ಲಿನ ಮುಖವನ್ನು ತಾನೇ ಕೆತ್ತುತ್ತೇನೆಂದ. ಗುರುಗಳು ಉಳಿ ಕೊಡಲಿಲ್ಲ.

“ಎಷ್ಟು ಕೆತ್ತಬೇಕು, ಗುರುಗಳೇ?”

“ಮಂಡಿ ನೇರವನ್ನು ದಾಟಬೇಕು. ಭಾರ ತಾನಾಗಿಯೇ ಬಂದು ಕಲ್ಲಿಗೆ ಒರಗಬೇಕು. ಇನ್ನೊಂದು ಆಯುಷ್ಯವೆಲ್ಲ ಸವೆದರೂ ಒರಗಿಯೇ ಇರಬೇಕು.”

ಬಿಸಿಲು ಏರಿ ಇಳಿಯಿತು. ಮುದಿ ತೋಳುಗಳು ನಿಂತು ನಿಂತು ಕೆತ್ತಿದವು. ದಡದ ಮೇಲಿದ್ದ ಜನ ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಕಲ್ಲಿನ ಚಕ್ಕೆಗಳು ನೀರಿಗೆ ಬೀಳುವ ಸದ್ದು ಮಾತ್ರ ಕೇಳಿಸುತ್ತಿತ್ತು.

ಕಲ್ಲು ಮುಗಿದ ಮೇಲೂ ಒಂದು ಕೆಲಸ ಉಳಿದಿತ್ತು. ಮಾಚ ಬಿಡಿಸಲು ಹೋದ ದಿಮ್ಮಿ ಇನ್ನೂ ಕದದ ಬಾಯಲ್ಲೇ ಸಿಕ್ಕಿಕೊಂಡಿತ್ತು. ಅದು ಹೊರಗೆ ಬರದೆ ಕಾಲುವೆಗೆ ನೀರು ಹರಿಯುವಂತಿರಲಿಲ್ಲ. ಅದನ್ನು ತೆಗೆಯಲು ಯಾರಾದರೂ ಎತ್ತಿದ ಕದದ ಕೆಳಗೆ ಹೋಗಲೇಬೇಕು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಾಗೋಜರು ಪಂಚೆಯನ್ನು ಎತ್ತಿ ಕಟ್ಟಿದರು. ಕೇತಯ್ಯ ಅಡ್ಡ ಬಂದು, ತಾನು ಹೋಗುವುದಾಗಿ ಹೇಳಿ ಗುರುಗಳ ಪಾದ ಹಿಡಿದ. ಅವರು ಅವನ ತಲೆಯ ಮೇಲೆ ಕೈಯಿಟ್ಟರು.

“ಕಲ್ಲು ಕೆತ್ತಿದವನು ಕದದ ಕೆಳಗೆ ಹೋಗಲಿ, ಕೇತಯ್ಯ. ಅದು ಪಾಠದ ಭಾಗ.”

ಆಮೇಲೆ ದಡದ ಕಡೆ ತಿರುಗಿ, ಕದ ಎತ್ತಲು ಬೈರನೇ ಬರಲಿ ಎಂದರು.

ಬೈರ ಬಂದ. ಸುಲಿದ ಅಂಗೈಗೆ ಬಟ್ಟೆ ಸುತ್ತಿಕೊಂಡು ಸನ್ನೆಗೋಲು ಹಿಡಿದ. ಒತ್ತಿದ. ಕದ ನೀರು ಸುರಿಸುತ್ತ ಮೇಲೇರಿತು. ಮಂಡಿ ಹಿಂದಕ್ಕೆ ಹೋಗಿ, ನೇರಕ್ಕೆ ಬಂದು, ನೇರವನ್ನು ದಾಟಿತು. ಸನ್ನೆಗೋಲು ತಾನಾಗಿಯೇ ಇನ್ನೊಂದಿಷ್ಟು ಕೆಳಕ್ಕೆ ಕೂತಿತು. ಕಲ್ಲಿನ ಮೇಲೆ ಭಾರ ಇಳಿದ ಮಂದ ಸದ್ದು ಕೇಳಿಸಿತು. ಬೈರ ಹಿಂದೆ ಎಂದೂ ಕೇಳಿರದ ಸದ್ದು ಅದು.

ನಾಗೋಜರು ಬಗ್ಗಿ ಕದದ ಕೆಳಗೆ ಹೋದರು. ದಡದ ಮೇಲಿದ್ದವರಿಗೆ ಅವರು ಕಾಣದಾದರು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವರ ದನಿ ಬಂತು. ದಿಮ್ಮಿ ಭಾರವಿದೆ, ಹಗ್ಗ ಬೇಕು. ಹಗ್ಗ ಬೈರನ ಕಾಲಬುಡದಲ್ಲೇ ಇತ್ತು.

ಬೈರ ಅಲುಗಲಿಲ್ಲ. ಅವನ ಎರಡೂ ಕೈಗಳು ಸನ್ನೆಗೋಲಿಗೆ ಕಚ್ಚಿಕೊಂಡಿದ್ದವು. ಕದ ತಾನೇ ನಿಂತಿದೆ, ಕೈ ತೆಗೆಯಬಹುದು ಎಂದು ಕೇತಯ್ಯ ಮೆಲ್ಲಗೆ ಹೇಳಿದ. ಕಲ್ಲನ್ನೂ ಮಂಡಿಯನ್ನೂ ತೋರಿಸಿದ. ಬೈರ ಅತ್ತ ನೋಡಲೇ ಇಲ್ಲ.

ಹೊನ್ನವ್ವ ಜನರ ನಡುವಿನಿಂದ ಬಂದು ಅವನ ಪಕ್ಕದಲ್ಲಿ ನಿಂತಳು.

“ಭಾವ,” ಎಂದಳು. “ಹಗ್ಗ ಕೊಡು.”

ಎಷ್ಟೋ ದಿನದ ಮೇಲೆ ಅವಳು ಅವನನ್ನು ಕರೆದದ್ದು ಅದೇ ಮೊದಲು. ಬೈರ ಅವಳ ಕಡೆ ತಿರುಗಿದ.

“ಆಗುವುದಿಲ್ಲ, ಸ್ವಾಮಿ,” ಎಂದು ಕೆಳಗಿನ ಕತ್ತಲೆಗೆ ಕೂಗಿ ಹೇಳಿದ. “ನಾನು ಬಿಟ್ಟುಬಿಟ್ಟರೆ?”

ಹೊಳೆ ಹರಿಯುತ್ತಿತ್ತು. ಕದದಿಂದ 'ತೊಟ್ ತೊಟ್' ಎಂದು ನೀರು ತೊಟ್ಟಿಕ್ಕುತ್ತಿತ್ತು. ಗುರುಗಳ ಮಾತು ಕೆಳಗಿನಿಂದ, ಅವಸರವಿಲ್ಲದೆ, ಮೇಲಕ್ಕೆ ಬಂತು.

“ಕೈ ತೆಗೆದರೆ ಬಿಟ್ಟಂತಲ್ಲ, ಬೈರ. ಅವತ್ತೂ ನೀನು ಬಿಟ್ಟಿರಲಿಲ್ಲ.”